ಹನ್ನೆರಡು ಮಂದಿ, ವಾರಕ್ಕೊಂದು ಗಂಟೆ

ಇಂದಿನ ಚಿಂತನಕ್ಕೆ ಕ್ರೈಸ್ತ ವಿಶ್ವಾಸಿಗಳು ದಿನವೂ ಬಳಸುವ ಒಂದು ಪದ: ಅನ್ಯೋನ್ಯತೆ. 'ಅನ್ಯೋನ್ಯ'ವನ್ನು ಬಿಡಿಸಿ ನೋಡಿ, ಒಳಗೆ 'ಅನ್ಯ' ಎಂಬುದೇ ಎರಡು ಸಲ ಸಿಗುತ್ತದೆ. ಅನ್ಯರಾಗಿದ್ದವರು ಒಬ್ಬರಿಗೊಬ್ಬರು ಆಗುವುದೇ ಅನ್ಯೋನ್ಯತೆ. ಬೈಬಲಿನ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದ ಪ್ರಕಾರ, ಮೊದಲ ಸಭೆಯವರು ಬೋಧನೆ, ಪ್ರಾರ್ಥನೆಗಳಷ್ಟೇ ಶ್ರದ್ಧೆಯಿಂದ ಇದನ್ನೂ ನಡೆಸಿಕೊಂಡು ಬಂದರು.

ಆದರೆ ಮುಂಬಯಿ, ಪುಣೆಯಂಥ ಊರುಗಳಲ್ಲಿ ಅದಕ್ಕೆ ವೇಳೆ ಎಲ್ಲಿದೆ? ವಾರವೆಲ್ಲ ಲೋಕಲ್ ರೈಲು, ಆಫೀಸು, ಮಕ್ಕಳ ಟ್ಯೂಷನ್ನು. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಕೈಕುಲುಕಿ "ಹೇಗಿದ್ದೀರಿ?" ಎಂದರೆ, "ದೇವರ ದಯೆ, ಚೆನ್ನಾಗಿದ್ದೇವೆ" ಎಂಬ ಉತ್ತರ. ಎರಡು ತಿಂಗಳಿಂದ ಸಂಬಳ ಬಾರದವರೂ ಹಾಗೇ ಹೇಳುತ್ತಾರೆ. ಮನೆಯಲ್ಲಿ ಮಾತು ನಿಂತುಹೋದ ಗಂಡಹೆಂಡಿರೂ ಹಾಗೇ ಹೇಳುತ್ತಾರೆ. ನಿಜ ಹೇಳಲು ಬಾಗಿಲು ತಕ್ಕ ಜಾಗವಲ್ಲ, ಅಷ್ಟೇ.

ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದು ಸಂಗತಿ ಕೇಳಿ. 1742ರಲ್ಲಿ ಅಲ್ಲಿನ ಜಾನ್ ವೆಸ್ಲಿಯವರ ಮೆಥಡಿಸ್ಟ್ ಕೂಟದ ತಲೆಯ ಮೇಲೆ ಸಭಾಮಂದಿರ ಕಟ್ಟಿದ ಸಾಲವಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡೋಣ ಎಂದರೊಬ್ಬರು. ಬಡವರೇನು ಮಾಡಬೇಕು ಎಂಬ ಪ್ರಶ್ನೆ ಬಂತು. ತೀರ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ವಾರವಾರ ಅವರಲ್ಲಿಗೆ ಹೋಗಿ ಬರುತ್ತೇನೆ, ಕೊಡಲಾಗದವರ ಪಾಲು ನಾನೇ ಹಾಕುತ್ತೇನೆ ಎಂದರು ಅವರು. ಹೀಗೆ ಹನ್ನೆರಡು ಮಂದಿಗೊಂದು 'ಕ್ಲಾಸ್' ಆಯಿತು. ಪೆನ್ನಿಗೆಂದು ಮನೆಮನೆಗೆ ಹೋದವರಿಗೆ ಆ ಮನೆಗಳ ಒಳಗಿನ ಕಷ್ಟ, ಜಗಳ, ಕುಡಿತ ಕಣ್ಣಿಗೆ ಬಿತ್ತು. ತಾವು ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ ಎಂದು ವೆಸ್ಲಿಯವರಿಗೆ ಅನ್ನಿಸಿತು. ಮುಂದೆ ಮನೆಮನೆ ತಿರುಗುವುದು ಕಷ್ಟವಾದಾಗ ಎಲ್ಲರೂ ವಾರಕ್ಕೊಮ್ಮೆ ಒಂದೆಡೆ ಸೇರಿ, ಒಂದೆರಡು ಗಂಟೆ ಮಾತಾಡಿ, ಪ್ರಾರ್ಥಿಸಿ ಏಳತೊಡಗಿದರು.

ಇದೇ ಪರಂಪರೆಯ ವೆಸ್ಲಿಯನ್ ಮಿಷನರಿಗಳು 19ನೇ ಶತಮಾನದಲ್ಲಿ ಮೈಸೂರು ಸೀಮೆಗೂ ಬಂದರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ನಿಮ್ಮಲ್ಲಿ ಕೆಲವರ ಅಜ್ಜಿ ಮನೆಯ ಚರ್ಚು ಅದೇ ಇರಬಹುದು.

ಬ್ರಿಸ್ಟಲಿನ ಆ ಜನರಿಗೂ ಬಿಡುವೇನೂ ಇರಲಿಲ್ಲ, ಬಹುಮಂದಿ ದುಡಿದು ತಿನ್ನುವವರೇ. ಅವರು ಬಿಡುವಿಗೆ ಕಾಯಲಿಲ್ಲ, ವಾರ ಗೊತ್ತುಮಾಡಿದರು. ನೀವೂ ಹಾಗೆ ಮಾಡಬಹುದು. ಹತ್ತಿರದ ಮೂರು ನಾಲ್ಕು ಮನೆಯವರು ಸಾಕು. ದಿನ, ವೇಳೆ ಗಟ್ಟಿಯಾಗಿರಲಿ. ಚಹಾದ ಮೇಲೆ ಹೆಚ್ಚಿನ ಉಪಚಾರ ಬೇಡ, ಅಡುಗೆಯ ಭಾರ ಬಿದ್ದರೆ ಮನೆಯೊಡತಿಗೆ ಕೂರುವುದಕ್ಕೇ ಆಗುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ತಟ್ಟನೆ ಬುದ್ಧಿ ಹೇಳದೆ ಕೇಳಲಿ. ಅಲ್ಲಿ ಆಡಿದ ಮಾತು ಆ ಮನೆಯ ಹೊಸ್ತಿಲು ದಾಟದಿರಲಿ. ಈ ನಂಬಿಕೆ ಒಮ್ಮೆ ಮುರಿದರೆ ಮುಂದಿನ ವಾರ ಮತ್ತೆ "ಚೆನ್ನಾಗಿದ್ದೇವೆ" ಎಂಬುದೇ ಉತ್ತರ. ಯಾರಾದರೂ ಬಾರದಿದ್ದರೆ ಅದೇ ರಾತ್ರಿ ಫೋನು ಮಾಡಿ.

ರೇಡಿಯೋದಲ್ಲಿ ನಾವು ಹೇಳಿದ್ದು ನಿಮಗೆ ಕೇಳುತ್ತದೆ, ನೀವು ಹೇಳಿದ್ದು ನಮಗೆ ಕೇಳುವುದಿಲ್ಲ. ನಮ್ಮ ಮಾಧ್ಯಮದ ಗುಣವೇ ಅದು. ಸಭೆ ಮಾತ್ರ ರೇಡಿಯೋ ಆಗಬಾರದು. ಈ ವಾರ ಯಾರ ಮನೆಯಲ್ಲಿ ಸೇರುತ್ತೀರಿ, ಇಂದೇ ಗೊತ್ತುಮಾಡಿಕೊಳ್ಳಿ.