ಕೆಂಪು ಮಾಸದ ಮಾಂಸ

ಭಾನುವಾರ ಮುಂಜಾನೆ ಗಂಗಾವತಿಯ ಮಟನ್ ಅಂಗಡಿಗಳ ಮುಂದೆ ಜನ ಕೈಚೀಲ ಹಿಡಿದು ನಿಂತಿರುತ್ತಾರೆ. ಆಗತಾನೇ ತೂಗುಹಾಕಿದ ತೊಡೆ ಕೆಂಪಗೆ ಮಿರುಗುತ್ತಿರುತ್ತದೆ. ಹೊತ್ತೇರಿದಂತೆ ಅದೇ ಮಾಂಸ ಕಂದುಬಣ್ಣಕ್ಕೆ ತಿರುಗಿ, ಅಂಚು ಒಣಗಿ, ನೊಣ ಮುತ್ತತೊಡಗುತ್ತದೆ. "ಯಾವಾಗಿಂದೈತಿದು?" ಎಂದು ಕೇಳುವ ಮೊದಲೇ ಗಿರಾಕಿಯ ಕಣ್ಣು ಉತ್ತರ ಕಂಡುಕೊಂಡಿರುತ್ತದೆ.

ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿ ಮಲಗಿರುವ ಬೇಕನ್, ಸಲಾಮಿ, ಸಾಸೇಜುಗಳ ಪೊಟ್ಟಣ ನೋಡಿದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ವಾರಗಟ್ಟಲೆ ಕಳೆದರೂ ಅದೇ ಗುಲಾಬಿ ಬಣ್ಣ. ಬೇಯಿಸಿದರೂ ಅದು ಹೋಗುವುದಿಲ್ಲ. ಮಾಂಸದ ಕೆಂಪು ಮಾಸುವುದು ಸಹಜ. ಅದನ್ನು ಮಾಸಗೊಡದಿರುವುದು ಯಾವುದು?

ಉತ್ತರ ಒಂದು ಉಪ್ಪಿನಲ್ಲಿದೆ. ಊಟದ ಉಪ್ಪಲ್ಲ, ಸೋಡಿಯಂ ನೈಟ್ರೈಟ್. ಹಿಂದೆ ಯುರೋಪಿನವರು ಇದೇ ಕೆಲಸಕ್ಕೆ ಪೆಟ್ಲುಪ್ಪು ಹಾಕುತ್ತಿದ್ದರು. ಮದ್ದಿನ ಪುಡಿಗೆ ಬೀಳುತ್ತಿದ್ದ ಅದೇ ಪೆಟ್ಲುಪ್ಪು. ನೈಟ್ರೈಟನ್ನು ನೇರವಾಗಿ ಮಾಂಸಕ್ಕೆ ಬೆರೆಸಲು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟದ್ದು 1925ರಲ್ಲಿ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿಗೆ ನೈಟ್ರೈಟಿನಿಂದ ಹುಟ್ಟಿದ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡರೆ ಬಣ್ಣ ನಿಂತುಬಿಡುತ್ತದೆ.

ಇದನ್ನು ಬರೀ ಬಣ್ಣದ ಮೋಸ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಸಾಸೇಜು ತಿಂದವರು ಕಣ್ಣು ಮಂಜಾಗಿ, ನಾಲಿಗೆ ತೊದಲಿ, ಉಸಿರು ನಿಂತು ಸಾಯುತ್ತಿದ್ದ ಕಾಲವೊಂದಿತ್ತು. ಜರ್ಮನಿಯ ವುರ್ಟೆಂಬರ್ಗಿನ ವೈದ್ಯ, ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ 1820ರ ದಶಕದಲ್ಲಿ ಈ ವಿಷವನ್ನು ಆಳವಾಗಿ ಅಭ್ಯಾಸ ಮಾಡಿದ. ಬಾಟುಲಿಸಂ ಎಂಬ ಆ ರೋಗದ ಹೆಸರು ಬಂದಿರುವುದೇ ಲ್ಯಾಟಿನ್ನಿನ 'ಸಾಸೇಜು' ಎಂಬ ಪದದಿಂದ. ಅದರ ರೋಗಾಣುವನ್ನು ನೈಟ್ರೈಟ್ ತಡೆಯುತ್ತದೆ. ಆದರೆ ಆ ಕಾವಲಿಗೆ ಬೆಲೆಯೂ ಇದೆ. ನೈಟ್ರೈಟ್ ಹೊಟ್ಟೆಯಲ್ಲಿ ಪ್ರೋಟೀನಿನ ಚೂರುಗಳೊಂದಿಗೆ ಕೂಡಿ ನೈಟ್ರೋಸಮೀನ್‌ನಂಥ ವಸ್ತುಗಳಾಗುತ್ತದೆ. ಕೆಂಪು ಮಾಂಸದಲ್ಲಿರುವ ಹೀಮ್ ಕಬ್ಬಿಣ ಈ ಕ್ರಿಯೆಗೆ ಇಂಬು ಕೊಡುತ್ತದೆ. ಬಾಣಲೆಯಲ್ಲಿ ಕರುಕಲಾಗುವಂತೆ ಹುರಿದರೆ ಇಂಥ ವಸ್ತುಗಳು ಇನ್ನಷ್ಟು ಸೇರುತ್ತವೆ. ಇವು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ, ಅವುಗಳ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಇಟಲಿಯ ಪಾರ್ಮಾ ಹ್ಯಾಮ್ 1993ರಿಂದ ನೈಟ್ರೈಟ್ ಇಲ್ಲದೆ, ಊಟದ ಉಪ್ಪೊಂದರಿಂದಲೇ ತಯಾರಾಗುತ್ತಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

2015ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸಭೆ ಸೇರಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಮುಂದಿಟ್ಟುಕೊಂಡು ಬೇಕನ್, ಸಾಸೇಜಿನಂಥ ಸಂಸ್ಕರಿಸಿದ ಮಾಂಸವನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿದರು. ದಿನಕ್ಕೆ 50 ಗ್ರಾಂ ತಿನ್ನುತ್ತ ಹೋದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇ 18ರಷ್ಟು ಹೆಚ್ಚುತ್ತದೆ ಎಂದರು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಆದರೆ ಎರಡೂ ಒಂದೇ ತೂಕವಲ್ಲ: ಜಗತ್ತಿನಲ್ಲಿ ವರ್ಷಕ್ಕೆ ತಂಬಾಕಿನ ಕ್ಯಾನ್ಸರಿಗೆ ಸುಮಾರು 10 ಲಕ್ಷ ಜನ ಸತ್ತರೆ, ಸಂಸ್ಕರಿಸಿದ ಮಾಂಸದ ಲೆಕ್ಕಕ್ಕೆ ಬೀಳುವ ಸಾವು ಸುಮಾರು 34,000. ಗುಟ್ಕಾ ಜಗಿಯುತ್ತ ಸಾಸೇಜಿಗೆ ಹೆದರುವುದರಲ್ಲಿ ಅರ್ಥವಿಲ್ಲ.

ಕೋಳಿಯದಾದರೆ ತೊಂದರೆ ಇಲ್ಲ ಎಂದು ಮಕ್ಕಳ ಡಬ್ಬಿಗೆ ಚಿಕನ್ ಸಾಸೇಜು ತುಂಬುವವರಿದ್ದಾರೆ. ಹೀಮ್ ಕಬ್ಬಿಣ ಅದರಲ್ಲಿ ಕಡಿಮೆ, ನಿಜ. ನೈಟ್ರೈಟ್, ಉಪ್ಪು ಎರಡೂ ಅದರಲ್ಲೂ ಇರಬಹುದು. ಸಂಸ್ಕರಿಸಿದ ಮಾಂಸಕ್ಕೆ ಲಿಯಾನಿನ ತಜ್ಞರು ಕೊಟ್ಟ ವ್ಯಾಖ್ಯೆಯಿಂದ ಕೋಳಿ ಹೊರಗುಳಿದಿಲ್ಲ.

ಮಾಂಸದ ಅಡಿಗೆ ಗಂಗಾವತಿ ಇರುವ ಈ ಕೊಪ್ಪಳ ಸೀಮೆಗೆ ಹೊಸದಲ್ಲ. ಇಲ್ಲಿನ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದು ನಿಂತಾಗ ಆಳುತ್ತಿದ್ದವನು ಆರನೇ ವಿಕ್ರಮಾದಿತ್ಯ. ಅವನ ಮಗ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಗ್ರಂಥದಲ್ಲಿ ಮಾಂಸವನ್ನು ಕೆಂಡದ ಮೇಲೆ ಸುಡುವ, ಕರುಳಿನಿಂದ ಖಾದ್ಯ ಮಾಡುವ ವಿವರಗಳಿವೆ. ಆದರೆ ಅದು ಅಂದೇ ಕೊಯ್ದು ಅಂದೇ ಉಣ್ಣುವ ಅಡಿಗೆ. ಕೆಂಗುರಿ ಕುರಿ ಮೇಯಿಸುವ ಈ ನೆಲದ ರೂಢಿಯೂ ಅದೇ: ಖಂಡದ ಸಾರು, ಬಿಸಿ ಜೋಳದ ರೊಟ್ಟಿ, ಉಳ್ಳಾಗಡ್ಡಿ, ಅದೂ ಹಬ್ಬಕ್ಕೋ ವಾರಕ್ಕೊಮ್ಮೆಯೋ. ಹೆಚ್ಚಾದದ್ದನ್ನು ಎಳೆಎಳೆಯಾಗಿ ಕೊಯ್ದು, ಉಪ್ಪು ಅರಿಸಿನ ಸವರಿ, ಹಗ್ಗದ ಮೇಲೆ ಬಿಸಿಲಿಗೆ ಹಾಕಿ ಒಣ ಖಂಡ ಮಾಡಿಕೊಳ್ಳುವುದೂ ಉಂಟು. ಅದರ ಬಣ್ಣ ಕಪ್ಪಾಗುತ್ತದೆ, ಯಾರೂ ಅದನ್ನು ಕೆಂಪಾಗಿಸಲು ಹೋಗಲಿಲ್ಲ. ಉಪ್ಪು ಹೆಚ್ಚಿರುವುದರಿಂದ ರಕ್ತದೊತ್ತಡದವರು ಅದನ್ನೂ ಮಿತಿಯಲ್ಲಿಡಬೇಕು. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಕೆಂಪಿನ ಮೋಹ ಈಗ ಬೀದಿಗೂ ಬಂದಿದೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಜೂನ್‌ನಲ್ಲಿ ಕಬಾಬಿನ ಸರದಿ. 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು ಸಿಕ್ಕವು. ತಪ್ಪಿದವರಿಗೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಕಬಾಬಿನ ಬಣ್ಣ ಬೇರೆ, ಬೇಕನ್ನಿನ ನೈಟ್ರೈಟ್ ಬೇರೆ. ಆದರೆ ಎರಡಕ್ಕೂ ಗಿರಾಕಿ ಸೋಲುವುದು ಕಣ್ಣಿನಿಂದಲೇ. ಬ್ಯಾಡಗಿ ಮೆಣಸಿನಕಾಯಿ ಇರುವ ನಾಡಿನಲ್ಲಿ ಕಬಾಬಿಗೆ ಡಬ್ಬಿಯ ಬಣ್ಣ ಬೇಕಾಗಿರಲಿಲ್ಲ.

ಎಂದೋ ಒಮ್ಮೆ ಬೆಂಗಳೂರಿನ ಹೋಟೆಲಿನಲ್ಲಿ ಎರಡು ತುಂಡು ಬೇಕನ್ ತಿಂದವರು ಗಾಬರಿಯಾಗಬೇಕಿಲ್ಲ. ಅಪಾಯ ಇರುವುದು ದಿನದ ರೂಢಿಯಲ್ಲಿ. ಪೊಟ್ಟಣ ಕೊಳ್ಳುವ ಮುನ್ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. 250 ಎಂದಿದ್ದರೆ ಸೋಡಿಯಂ ನೈಟ್ರೈಟ್, 251 ಮತ್ತು 252 ಎಂದಿದ್ದರೆ ನೈಟ್ರೇಟ್. ಮಗುವಿನ ಡಬ್ಬಿಗೆ ಅದರ ಬದಲು ಒಂದು ಬೇಯಿಸಿದ ಮೊಟ್ಟೆ ಇಡಿ.

ಇನ್ನೊಂದು ಮಾತು, ಮಾಂಸ ತಿನ್ನುವವರಿಗೂ ತಿನ್ನದವರಿಗೂ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ನಾಟಿ ಔಷಧಿ ಹಿಡಿಯುವವರು ಇಲ್ಲಿ ಬಹಳ. ರಕ್ತ ಕಂಡರೆ, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಏರುಪೇರಾದರೆ, ಕಾರಣವಿಲ್ಲದೆ ತೂಕ ಇಳಿದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ಕೊಪ್ಪಳದಲ್ಲಿ ಈಗ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಆರಂಭದಲ್ಲೇ ಸಿಕ್ಕ ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಗುಣವಾಗುತ್ತದೆ.