ಒಂದು ಮತ ಕಡಮೆ

2025ನೆಯ ಇಸವಿ ಜನವರಿ 21ರಂದು ಅಮೆರಿಕದಲ್ಲಿ ಒಂದು ಚುನಾವಣೆಯ ಫಲಿತಾಂಶ ಹೊರಬಿತ್ತು. ರಾಜ್ಯವಾಳುವವರ ಚುನಾವಣೆಯಲ್ಲ; ಬೇಸ್‌ಬಾಲ್ ಆಟಗಾರರ ಚುನಾವಣೆ. ಬಿದ್ದ ಒಟ್ಟು ಮತ 394. ಇಚಿರೊ ಸುಜುಕಿ ಎಂಬ ಜಪಾನಿನ ಆಟಗಾರನಿಗೆ ದೊರೆತುದು 393. ಗೆಲ್ಲುವುದಕ್ಕೆ 296 ಸಾಕಾಗಿತ್ತು. ಇಷ್ಟು ದೊಡ್ಡ ಗೆಲವು ಸಿಕ್ಕಿದರೆ ಯಾರಾದರೂ ಹಿಗ್ಗಬೇಕು. ಆದರೆ ಅಭಿಮಾನಿಗಳು ಮಾತಾಡಿಕೊಂಡುದು ಆ 393ರ ವಿಚಾರವನ್ನಲ್ಲ. ಬೀಳದೆ ಉಳಿದ ಒಂದರ ವಿಚಾರವನ್ನು. ಯಾರು ಆ ಪುಣ್ಯಾತ್ಮ? ಏಕೆ ಕೊಡಲಿಲ್ಲ? ಈ ಆಟದ ಅಭಿಮಾನಿಗಳಲ್ಲಿ ನಾನೂ ಒಬ್ಬ. ಆದುದರಿಂದ ಆ ಒಂದು ಮತದ ಬೆಲೆ ಎಷ್ಟು ಎಂಬುದನ್ನು ಇಂದು ಶ್ರೋತೃಗಳೊಡನೆ ಸ್ವಲ್ಪ ಲೆಕ್ಕಹಾಕಬೇಕೆಂದಿದ್ದೇನೆ.

ಮೊದಲು ಈ ಚುನಾವಣೆ ಎಂತಹುದೆಂದು ಹೇಳಬೇಕು. ನ್ಯೂಯಾರ್ಕ್ ಸಂಸ್ಥಾನದ ಒಳನಾಡಿನಲ್ಲಿ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿದೆ. ಅಲ್ಲಿ 1939ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ತೆರೆಯಿತು. ನಮ್ಮ ಮಾತಿನಲ್ಲಿ ಕೀರ್ತಿಮಂದಿರ ಎನ್ನೋಣ. ಆಟದ ಮಹಾಪುರುಷರ ಮುಖವನ್ನು ಕಂಚಿನ ಫಲಕದಲ್ಲಿ ಮೂಡಿಸಿ, ಕೆಳಗೆ ನಾಲ್ಕಾರು ಸಾಲಿನಲ್ಲಿ ಅವರ ಸಾಧನೆಯನ್ನು ಬರೆದು ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ಯಾರ ಫಲಕವಿರಬೇಕೆಂಬುದನ್ನು ಮುಖ್ಯವಾಗಿ ನಿರ್ಣಯಿಸುವವರು ಬೇಸ್‌ಬಾಲ್ ಬರೆಹಗಾರರ ಸಂಘದವರು. ಸಂಘದಲ್ಲಿ ಎಡೆಬಿಡದೆ ಹತ್ತು ವರ್ಷ ಸದಸ್ಯನಾಗಿದ್ದವನಿಗೆ ಮತದ ಹಕ್ಕು ಬರುತ್ತದೆ. ಆಟಗಾರನು ಹತ್ತು ಋತುಗಳಾದರೂ ಆಡಿರಬೇಕು. ಆಟ ಬಿಟ್ಟು ಐದು ವರ್ಷ ಕಳೆದಿರಬೇಕು. ಒಬ್ಬ ಮತದಾರನು ಹೆಚ್ಚೆಂದರೆ ಹತ್ತು ಹೆಸರುಗಳಿಗೆ ಗುರುತು ಹಾಕಬಹುದು. ನೂರಕ್ಕೆ 75 ಮತ ಬಂದವನು ಗೆದ್ದ. ನೂರಕ್ಕೆ ಐದೂ ಬರದವನು ಠೇವಣಿ ಕಳೆದುಕೊಂಡಂತೆ. ಮುಂದಿನ ವರ್ಷ ಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ. ನಡುವೆ ಉಳಿದವರಿಗೆ ಹತ್ತು ವರ್ಷ ಅವಕಾಶ. 2014ಕ್ಕೆ ಮೊದಲು ಅದು ಹದಿನೈದು ವರ್ಷವಾಗಿತ್ತು.

ಇನ್ನು ಇಚಿರೊ. ಜಪಾನಿನಲ್ಲಿ ಒಂಬತ್ತು ಋತು ಆಡಿ ಹೆಸರುಮಾಡಿ, 2001ರಲ್ಲಿ ಆತ ಸಿಯಾಟಲ್ ತಂಡವನ್ನು ಸೇರಿದ. ಬಂದ ವರ್ಷವೇ ಶ್ರೇಷ್ಠ ಹೊಸ ಆಟಗಾರನೆಂಬ ಬಿರುದನ್ನೂ, ಲೀಗಿನ ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಬಿರುದನ್ನೂ ಒಟ್ಟಿಗೆ ಪಡೆದ. ಕ್ರಿಕೆಟ್ಟಿನಲ್ಲಿ ಶತಕವನ್ನು ನಾವು ಎಣಿಸುವಂತೆ, ಬೇಸ್‌ಬಾಲಿನಲ್ಲಿ ಚೆಂಡನ್ನು ಹೊಡೆದು ಮೊದಲ ನೆಲೆಯನ್ನಾದರೂ ಕ್ಷೇಮವಾಗಿ ಮುಟ್ಟಿದರೆ ಅದನ್ನು ಹಿಟ್ ಎಂದು ಎಣಿಸುತ್ತಾರೆ. ಒಂದು ಋತುವಿನಲ್ಲಿ 200 ಹಿಟ್ ಗಳಿಸಿದವನೆಂದರೆ ಭಾರಿ ಆಸಾಮಿ. ಇಚಿರೊ ಹತ್ತು ಋತುಗಳಲ್ಲಿ ಸಾಲಾಗಿ ಅಷ್ಟನ್ನು ಗಳಿಸಿದ. 2004ರಲ್ಲಿ 262 ಹಿಟ್ ಹೊಡೆದು, 1920ರಿಂದ ನಿಂತಿದ್ದ 257ರ ದಾಖಲೆಯನ್ನು ಮುರಿದ. ಅಮೆರಿಕದಲ್ಲಿ ಒಟ್ಟು 3,089. ಜಪಾನಿನವನ್ನೂ ಕೂಡಿದರೆ 4,367. ಕೂಪರ್ಸ್‌ಟೌನಿಗೆ ಆಯ್ಕೆಯಾದ ಮೊದಲ ಜಪಾನಿ ಆಟಗಾರ ಆತನೇ.

ಹೀಗಿದ್ದೂ ಒಬ್ಬ ಬರೆಹಗಾರ ಆತನನ್ನು ಒಲ್ಲೆನೆಂದ. ಇದು ಅನ್ಯಾಯವೆ? ಚರಿತ್ರೆಯನ್ನು ನೋಡಿದರೆ ಇದು ಹೊಸದೇನೂ ಅಲ್ಲ. 1936ರ ಮೊದಲ ಚುನಾವಣೆಯಲ್ಲಿ 226 ಮತಗಳಿದ್ದುವು. ಟೈ ಕಾಬ್‌ಗೆ 222 ಬಂದುವು. ಬೇಸ್‌ಬಾಲ್ ಎಂದರೇನೆಂದು ತಿಳಿಯದವರಿಗೂ ಹೆಸರು ತಿಳಿದಿರುವ ಬೇಬ್ ರೂತ್‌ಗೆ ಬಂದುವು 215. ಅಂದರೆ ಹನ್ನೊಂದು ಮಂದಿಗೆ ಆತ ಸಾಲದೆ ಹೋದ. 511 ಪಂದ್ಯಗಳನ್ನು ಗೆದ್ದ ಸೈ ಯಂಗ್ ಆ ವರ್ಷ ಆಯ್ಕೆಯಾಗಲೇ ಇಲ್ಲ, 1937ರವರೆಗೆ ಕಾದ. 1979ರಲ್ಲಿ ವಿಲ್ಲಿ ಮೇಸ್‌ಗೆ 23 ಮತ ಕಡಮೆಯಾದುವು. 1982ರಲ್ಲಿ ಹ್ಯಾಂಕ್ ಆರನ್‌ಗೆ ಒಂಬತ್ತು. 2019ರಲ್ಲಿ ಮರಿಯಾನೊ ರಿವೇರ ಎಂಬ ಪಿಚರನಿಗೆ 425ಕ್ಕೆ 425 ಬಂದಾಗ, ನೂರಕ್ಕೆ ನೂರು ಎಂಬುದು ಮೊದಲ ಬಾರಿಗೆ ಸಾಧ್ಯವಾಯಿತು. ಮರುವರ್ಷವೇ ಡೆರಿಕ್ ಜೀಟರ್‌ಗೆ 397ರಲ್ಲಿ 396. ಮತ್ತೆ ಒಂದು ಕಡಮೆ!

ನನ್ನ ಅಭಿಪ್ರಾಯವನ್ನು ಕೇಳಿದರೆ, ಈ ಒಂದು ಮತಕ್ಕಾಗಿ ಹಲುಬುವುದು ವ್ಯರ್ಥ. ಫಲಕದ ಮೇಲೆ ಎಷ್ಟು ಮತ ಬಂದುವೆಂದು ಕೆತ್ತುವುದಿಲ್ಲ. ಇಚಿರೊ ತಾನೇ ಇದನ್ನು ನಗೆಯಲ್ಲಿ ತೇಲಿಸಿದ. ಮತ ಕೊಡದ ಆ ಬರೆಹಗಾರನನ್ನು ಮನೆಗೆ ಕರೆದು, ಜೊತೆಯಲ್ಲಿ ಕುಡಿಯುತ್ತ ಮಾತಾಡಬೇಕೆಂದಿದೆ ಎಂದ. ಜುಲೈ ತಿಂಗಳಲ್ಲಿ ಸನ್ಮಾನದ ವೇದಿಕೆಯಿಂದ, ಆ ಆಹ್ವಾನದ ವಾಯಿದೆ ಮುಗಿಯಿತೆಂದೂ ಸಾರಿದ. ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಹೊಳೆಯದು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಮತ ಗುಟ್ಟಾಗಿರಬೇಕೆ? ರಾಜ್ಯದ ಚುನಾವಣೆಯಲ್ಲಿ ಮತ ಗುಟ್ಟಾಗಿರುವುದು ಬಡವನನ್ನು ಬಲವಂತನಿಂದ ಕಾಪಾಡುವುದಕ್ಕೆ. ಇಲ್ಲಿಯ ಮತದಾರನಾದರೋ ಬರೆಹಗಾರ. ಅಭಿಪ್ರಾಯವನ್ನು ಹೆಸರು ಹಾಕಿ ಅಚ್ಚುಮಾಡಿಸುವುದೇ ಅವನ ಕಸಬು. ಪರೀಕ್ಷಕನು ಅಂಕವನ್ನು ಕಡಮೆ ಮಾಡಿದರೆ ಕಾರಣ ಹೇಳಬೇಕಲ್ಲವೆ? ಸಂಘದವರಿಗೂ ಹೀಗೆಯೇ ತೋರಿತು. ಎಲ್ಲ ಮತಪತ್ರಗಳನ್ನೂ ಬಯಲು ಮಾಡಬೇಕೆಂದು 2016ರ ಡಿಸೆಂಬರಿನಲ್ಲಿ ಅವರು ಬಹುಮತದಿಂದ ನಿರ್ಣಯಿಸಿದರು. ಕೀರ್ತಿಮಂದಿರದ ಆಡಳಿತ ಮಂಡಲಿ 2017ರಲ್ಲಿ ಅದನ್ನು ತಳ್ಳಿಹಾಕಿತು. ತಳ್ಳಿಹಾಕದಿದ್ದರೆ ಚೆನ್ನಾಗಿತ್ತೆಂದು ನನ್ನ ಎಣಿಕೆ. ಒಪ್ಪದ ಒಬ್ಬನನ್ನು ಅಟ್ಟಿಸಿಕೊಂಡು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅವನಲ್ಲಿ ಒಳ್ಳೆಯ ಕಾರಣವೇ ಇದ್ದೀತು. ಹತ್ತೇ ಹೆಸರು ಎಂಬ ಮಿತಿಯಿರುವಾಗ, ಹೇಗೂ ಗೆಲ್ಲುವವನನ್ನು ಬಿಟ್ಟು, ಅಂಚಿನಲ್ಲಿರುವ ಒಬ್ಬನನ್ನು ಉಳಿಸೋಣವೆಂದು ಎಣಿಸಿದ್ದಾನು. ಆ ಕಾರಣವನ್ನು ಹೇಳಿದ್ದರೆ ನಾವು ತಲೆದೂಗುತ್ತಿದ್ದೆವು, ಹೇಳದುದರಿಂದ ಗೊಣಗಿದೆವು.

ಅಂಚಿನಲ್ಲಿರುವವರ ಕಥೆಯೇ ಈ ಚುನಾವಣೆಯ ನಿಜವಾದ ಕಥೆ. ಇಚಿರೊನೊಡನೆ ಗೆದ್ದ ಬಿಲ್ಲಿ ವ್ಯಾಗ್ನರ್‌ನನ್ನು ನೋಡಿ. ಹುಡುಗನಾಗಿದ್ದಾಗ ಆತನ ಬಲಗೈ ಎರಡು ಸಲ ಮುರಿಯಿತು. ಎಡಗೈಯಲ್ಲಿ ಎಸೆಯುವುದನ್ನು ಕಲಿತು ಅದರಲ್ಲೇ ಜಗಜಟ್ಟಿಯಾದ. 2016ರಲ್ಲಿ ಆತನ ಹೆಸರು ಮೊದಲು ಬಂದಾಗ ನೂರಕ್ಕೆ ಹತ್ತೂವರೆ ಮತ. 2024ರಲ್ಲಿ ಐದು ಮತಗಳಿಂದ ಸೋತ. 2025 ಆತನ ಹತ್ತನೆಯ ವರ್ಷ, ಕಡೆಯ ಅವಕಾಶ. ಆಗ ನೂರಕ್ಕೆ ಎಂಬತ್ತೆರಡೂವರೆ. ಈ ಹತ್ತು ವರ್ಷಗಳಲ್ಲಿ ಆತ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆದಿರಲಿಲ್ಲ. ಆಟ ಬೆಳೆಯಲಿಲ್ಲ, ಮತ ಬೆಳೆಯಿತು!

ಇದು ಹೇಗೆ? ಕಾರಣಗಳಿವೆ. ಕೆಲವು ವರ್ಷ ಪಟ್ಟಿಯಲ್ಲಿ ಘಟಾನುಘಟಿಗಳು ತುಂಬಿರುತ್ತಾರೆ. ಹತ್ತು ಹೆಸರಿನ ಮಿತಿಯಲ್ಲಿ ಹನ್ನೊಂದನೆಯವನಿಗೆ ಜಾಗವಿಲ್ಲ. ಮತದಾರರ ಪಟ್ಟಿಯೂ ಬದಲಾಗುತ್ತದೆ. ಆಟದ ವರದಿ ಮಾಡುವುದನ್ನು ಬಿಟ್ಟು ಹತ್ತು ವರ್ಷಕ್ಕೂ ಮೀರಿದವರ ಹಕ್ಕನ್ನು 2015ರಲ್ಲಿ ತೆಗೆದುಹಾಕಿದುದರಿಂದ, 549 ಇದ್ದ ಮತಪತ್ರಗಳು ಮುಂದಿನ ಚುನಾವಣೆಯಲ್ಲಿ 440ಕ್ಕೆ ಇಳಿದುವು. ಅಳೆಯುವ ಕೋಲೂ ಹೊಸದಾಗಿದೆ. ಲ್ಯಾರಿ ವಾಕರ್ ಬಹುಕಾಲ ಆಡಿದುದು ಕೊಲರಾಡೊದ ಎತ್ತರದ ನೆಲದಲ್ಲಿ. ಅಲ್ಲಿ ಗಾಳಿ ತೆಳುವಾದುದರಿಂದ ಚೆಂಡು ದೂರ ಹಾರುತ್ತದೆ. ಅವನ ಹೊಡೆತಕ್ಕೆ ಬೆಲೆಯಿಲ್ಲ ಎಂದು ಹಲವರು ಹೇಳಿದರು. ಮೈದಾನದ ಅನುಕೂಲವನ್ನು ಕಳೆದು ಎಣಿಸುವ ಲೆಕ್ಕಗಳು ರೂಢಿಗೆ ಬಂದ ಮೇಲೆ, ಹಾಗೆ ಕಳೆದರೂ ಆತ ದೊಡ್ಡ ಆಟಗಾರನೇ ಎಂದು ತಿಳಿಯಿತು. 2014ರಲ್ಲಿ ನೂರಕ್ಕೆ ಹತ್ತರಷ್ಟಿದ್ದವನು 2020ರಲ್ಲಿ, ತನ್ನ ಹತ್ತನೆಯ ವರ್ಷದಲ್ಲಿ, ಬೇಕಾದುದಕ್ಕಿಂತ ಆರು ಮತ ಹೆಚ್ಚು ಪಡೆದು ಗೆದ್ದ. ಹೀಗೆ ವಿಚಾರ ಮಾಡುತ್ತ ಮನಸ್ಸು ತಿದ್ದಿಕೊಳ್ಳುವುದು ತಪ್ಪಲ್ಲ. ಹತ್ತು ವರ್ಷದ ಅವಕಾಶವಿರುವುದೇ ಅದಕ್ಕಾಗಿ. ನಾನು ಒಪ್ಪದುದು ಇನ್ನೊಂದನ್ನು: “ಯೋಗ್ಯನೇನೋ ಹೌದು, ಆದರೆ ಇನ್ನಷ್ಟು ಕಾಯಲಿ” ಎಂಬುದನ್ನು. 56 ಪಂದ್ಯಗಳಲ್ಲಿ ಸಾಲಾಗಿ ಹಿಟ್ ಗಳಿಸಿದ ಜೋ ಡಿಮ್ಯಾಜಿಯೊನನ್ನು 1953ರಲ್ಲಿಯೂ 1954ರಲ್ಲಿಯೂ ಹಿಂದಕ್ಕೆ ಕಳಿಸಿ 1955ರಲ್ಲಿ ಆರಿಸಿದರು. ಆ ಎರಡು ವರ್ಷಗಳಲ್ಲಿ ಯಾರಿಗೆ ಏನು ಲಾಭವಾಯಿತು?

ಶೀಲದ ಮಾತಿಗೆ ಬರೋಣ. ಆಟಗಾರನ ದಾಖಲೆ, ಸಾಮರ್ಥ್ಯಗಳ ಜೊತೆಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ, ನಡತೆ ಇವನ್ನೂ ತೂಗಿ ನೋಡಬೇಕೆಂದು ನಿಯಮವಿದೆ. ಇದರಿಂದಲೇ ಬ್ಯಾರಿ ಬಾಂಡ್ಸ್ ಹೊರಗುಳಿದ. 762 ಹೋಮ್ ರನ್ ಹೊಡೆದವನು. ಅಮೆರಿಕದ ಲೀಗಿನಲ್ಲಿ ಅಷ್ಟು ಹೊಡೆದವರು ಇನ್ನೊಬ್ಬರಿಲ್ಲ. ಪಿಚರುಗಳ ಪೈಕಿ ರೋಜರ್ ಕ್ಲೆಮೆನ್ಸ್‌ನದೂ ಅದೇ ಪಾಡು. ಶಕ್ತಿವರ್ಧಕ ಮದ್ದುಗಳ ಆಪಾದನೆ ಇಬ್ಬರ ಮೇಲೂ ಇತ್ತು. ಬಾಂಡ್ಸ್ ತಿಳಿದು ಬಳಸಲಿಲ್ಲವೆಂದ. ಕ್ಲೆಮೆನ್ಸ್ ಪೂರ್ತಿಯಾಗಿ ಅಲ್ಲಗಳೆದ. 2022ರಲ್ಲಿ, ಹತ್ತನೆಯ ವರ್ಷದಲ್ಲಿ, ಬಾಂಡ್ಸ್‌ಗೆ 394ರಲ್ಲಿ 260 ಮತ ಬಂದುವು, ಸಾಲದಾದುವು. ಅನಂತರ ಹಿರಿಯರ ಸಮಿತಿ 2022ರ ಡಿಸೆಂಬರಿನಲ್ಲಿ ಒಮ್ಮೆ, 2025ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಇಬ್ಬರನ್ನೂ ಬಿಟ್ಟಿತು.

ಮದ್ದಿನ ಪಕ್ಷವನ್ನು ನಾನು ವಹಿಸುವುದಿಲ್ಲ. ಮದ್ದಿಲ್ಲದೆ ಬೆವರು ಸುರಿಸಿದವನಿಗೆ ಅದರಿಂದ ಮೋಸವಾಗುತ್ತದೆ. ಆದರೆ ನ್ಯಾಯದ ತಕ್ಕಡಿ ಎಲ್ಲರಿಗೂ ಒಂದೇ ಆಗಿರಬೇಕು. ಮೊದಲ ಸಲ ಸಿಕ್ಕಿಬಿದ್ದವನನ್ನೇ ಅಮಾನತು ಮಾಡುವ ಕಟ್ಟಳೆ 2005ರವರೆಗೆ ಬಂದಿರಲಿಲ್ಲ. ಆ ಕಾಲದಲ್ಲೆಲ್ಲ ಆಟದ ಆಡಳಿತ ನಡೆಸಿದ ಬಡ್ ಸೀಲಿಗ್‌ಗೆ 2017ರಲ್ಲಿ ಫಲಕ ದೊರೆಯಿತು. ಇನ್ನೂ ಒಂದು ವಿಚಿತ್ರವಿದೆ. 2007ರಲ್ಲಿ ಬಾಂಡ್ಸ್ ಹೊಡೆದು ಆರನ್‌ನ ದಾಖಲೆಯನ್ನು ದಾಟಿದ ಚೆಂಡು, ಅದರ ಮೇಲೆ ಸಂದೇಹದ ಗುರುತಾಗಿ ಒಂದು ನಕ್ಷತ್ರವನ್ನು ಒತ್ತಿಸಿಕೊಂಡು, ಅದೇ ಕೂಪರ್ಸ್‌ಟೌನಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಚೆಂಡಿಗೆ ಒಳಗೆ ಜಾಗ, ಹೊಡೆದವನಿಗೆ ಇಲ್ಲ. ಫಲಕವನ್ನು ಹಾಕಿ, ಸಾಧನೆಯನ್ನೂ ಆಪಾದನೆಯನ್ನೂ ಅದರಲ್ಲೇ ಕೆತ್ತಿ, ತೀರ್ಮಾನವನ್ನು ನೋಡುವವರಿಗೆ ಬಿಡುವುದು ಮೇಲೆಂದು ನನಗೆ ತೋರುತ್ತದೆ. ಒಪ್ಪದವರು ಬಹಳ ಮಂದಿ ಇದ್ದಾರೆಂಬುದನ್ನು ಬಲ್ಲೆ.

ಇಷ್ಟು ಹೇಳಿದ ಮೇಲೆ, ಒಂದು ಮತದ ಬೆಲೆ ನಿಜವಾಗಿ ಎಲ್ಲಿದೆಯೆಂಬುದಕ್ಕೆ ಬರುತ್ತೇನೆ. ಬರೆಹಗಾರರ ಕೈಯಲ್ಲಿ ಸೋತವರನ್ನು ಮತ್ತೆ ವಿಚಾರಿಸುವುದಕ್ಕೆ ಹದಿನಾರು ಮಂದಿಯ ಒಂದು ಸಮಿತಿಯಿರುತ್ತದೆ. ಹನ್ನೆರಡು ಮತ ಬಂದರೆ ಆಯ್ಕೆ. ಡಿಕ್ ಆಲನ್ ಎಂಬ ಕರಿಯ ಆಟಗಾರನ ಹೆಸರು 2014ರ ಡಿಸೆಂಬರಿನಲ್ಲಿ ಇದರ ಮುಂದೆ ಬಂತು. 351 ಹೋಮ್ ರನ್ ಹೊಡೆದವನು, 1972ರಲ್ಲಿ ಲೀಗಿಗೇ ಶ್ರೇಷ್ಠನೆನಿಸಿದವನು. ಆದರೆ 1960ರ ದಶಕದ ಫಿಲಡೆಲ್ಫಿಯದಲ್ಲಿ ತನ್ನ ಊರಿನ ಪ್ರೇಕ್ಷಕರೇ ಆತನ ಮೇಲೆ ವಸ್ತುಗಳನ್ನೆಸೆಯುತ್ತಿದ್ದರು. ಚೆಂಡು ಹಿಡಿಯಲು ನಿಂತಾಗಲೂ ಆತ ತಲೆಗೆ ಹೆಲ್ಮೆಟ್ ಹಾಕಿಕೊಳ್ಳಬೇಕಾಯಿತು. ನೇರವಾಗಿ ಮಾತಾಡುತ್ತಿದ್ದ. ಜಗಳಗಂಟನೆಂಬ ಹೆಸರು ಬಂತು. ಬರೆಹಗಾರರು ಒಂದು ವರ್ಷವೂ ನೂರಕ್ಕೆ ಇಪ್ಪತ್ತು ಮತ ಕೊಡಲಿಲ್ಲ. ಸಮಿತಿಯಲ್ಲಿ ಆತನಿಗೆ ಬಂದುವು ಹನ್ನೊಂದು. ಒಂದು ಕಡಮೆ.

ಮುಂದಿನ ವಿಚಾರಣೆ 2020ರ ಡಿಸೆಂಬರಿಗೆ ಗೊತ್ತಾಗಿತ್ತು. ಸಾಂಕ್ರಾಮಿಕದ ಕಾರಣ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಅದೇ ಡಿಸೆಂಬರ್ 7ರಂದು ಆಲನ್ ತೀರಿಕೊಂಡ. 2021ರಲ್ಲಿ ಸಮಿತಿ ಕೂಡಿತು; ಮತ್ತೆ ಹನ್ನೊಂದೇ. 2024ರ ಡಿಸೆಂಬರಿನಲ್ಲಿ ಹದಿಮೂರು ಬಂದುವು. ಇದ್ದಾಗ ಒಂದು ಲೋಟ ನೀರು ಕೊಡದವರು ತಿಥಿಗೆ ಎಲೆ ತುಂಬ ಬಡಿಸಿದರೆಂದು ನಮ್ಮಲ್ಲಿ ಆಡಿಕೊಳ್ಳುವುದು ಇಂಥದಕ್ಕೇ. ಅದೇ ಸಭೆಯಲ್ಲಿ ಆಯ್ಕೆಯಾದ ಇನ್ನೊಬ್ಬ ಡೇವ್ ಪಾರ್ಕರ್. ಕಂಪನವಾತದಿಂದ ಬಹುಕಾಲ ನರಳುತ್ತಿದ್ದ. ಗೆದ್ದ ಸುದ್ದಿಯನ್ನು ಕೇಳುವ ಭಾಗ್ಯವಾದರೂ ಆತನಿಗೆ ದೊರೆಯಿತು. ಸನ್ಮಾನಕ್ಕೆ ಒಂದು ತಿಂಗಳಿರುವಾಗ, 2025ರ ಜೂನ್ 28ರಂದು ಕಣ್ಣುಮುಚ್ಚಿದ.

2025ರ ಜುಲೈ 27ರಂದು ಕೂಪರ್ಸ್‌ಟೌನಿನಲ್ಲಿ ಐದು ಫಲಕಗಳು ಏರಿದುವು: ಇಚಿರೊ, ಸಿ.ಸಿ. ಸಬಾತಿಯ, ವ್ಯಾಗ್ನರ್, ಪಾರ್ಕರ್, ಆಲನ್. ಮೂವರು ತಮ್ಮ ಮಾತನ್ನು ತಾವೇ ಆಡಿದರು. ಪಾರ್ಕರ್‌ನ ಪರವಾಗಿ ಮಗ ಮಾತಾಡಿದ. ಆಲನ್‌ನ ಪರವಾಗಿ ಹೆಂಡತಿ ಮಾತಾಡಿದರು. ಇಚಿರೊಗೆ ಒಂದು ಮತ ಕಡಮೆಯಾಯಿತು. ಅದರಿಂದ ಲೋಕಕ್ಕೆ ಒಂದು ನಗೆಚಾಟಿಕೆ ಸಿಕ್ಕಿತು. ಆಲನ್‌ಗೆ ಒಂದು ಮತ ಕಡಮೆಯಾಯಿತು. ಆ ವೇದಿಕೆಯ ಮೇಲೆ ಆತ ನಿಲ್ಲುವ ದಿನವೇ ಇಲ್ಲವಾಯಿತು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಆ 2014ರ ಸಭೆಯಲ್ಲಿ ಹತ್ತು ಹೆಸರುಗಳಿದ್ದುವು. ಒಬ್ಬೊಬ್ಬ ಸದಸ್ಯನಿಗೆ ನಾಲ್ಕೇ ಮತ. ಹದಿನಾರು ನಾಲ್ಕಲೆ ಅರವತ್ತನಾಲ್ಕು. ಅದು ಹತ್ತು ಕಡೆ ಹರಿದುಹೋದರೆ ಹನ್ನೆರಡು ಒಟ್ಟುಗೂಡುವುದು ಹೇಗೆ? ಆ ವರ್ಷ ಯಾರೂ ಆಯ್ಕೆಯಾಗಲಿಲ್ಲ. ಈಚೆಗೆ ಎಂಟು ಹೆಸರಿಗೆ ಮೂರೇ ಮತವೆಂದು ಇನ್ನೂ ಬಿಗಿಮಾಡಿದ್ದಾರೆ. ಮತಕ್ಕೆ ಈ ಮಿತಿಯನ್ನು ತೆಗೆದು, ಪ್ರತಿಯೊಬ್ಬನ ವಿಷಯದಲ್ಲಿಯೂ ಹೌದು ಅಥವಾ ಅಲ್ಲ ಎಂದಷ್ಟೇ ಕೇಳಲಿ. ಮುಪ್ಪಿನವರ ಹೆಸರನ್ನು ಮೊದಲು ಎತ್ತಿಕೊಳ್ಳಲಿ. ನೂರಕ್ಕೆ 75 ಎಂಬ ಅಳತೆ ಹಾಗೆಯೇ ಇರಲಿ, ಕೀರ್ತಿ ಅಗ್ಗವಾಗಬೇಕಾಗಿಲ್ಲ.

ಕಂಚು ನೂರಾರು ವರ್ಷ ಬಾಳುತ್ತದೆ, ಅದಕ್ಕೆ ಅವಸರವಿಲ್ಲ. ಮನುಷ್ಯನಿಗೆ ಅಷ್ಟು ಪುರಸತ್ತಿಲ್ಲ. ಮತಪತ್ರವನ್ನು ಕೈಯಲ್ಲಿ ಹಿಡಿದವರು ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟರೆ ನಮ್ಮಂತಹ ಅಭಿಮಾನಿಗಳಿಗೆ ಅಷ್ಟೇ ಸಾಕು.