ಮುಂಬಯಿಗೆ ಹೋದವರು, ನಮ್ಮೂರಿಗೆ ಬಂದವರು

(ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿಹಾರ, ಒಡಿಶಾ ಕಡೆಯಿಂದ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೂ ನಮ್ಮ ಮಗ್ಗಗಳಿಗೂ ಬಂದು ಸೇರುತ್ತಿರುವ ಹುಡುಗರನ್ನು ಸಂಘಕ್ಕೆ ಸೇರಿಸಿಕೊಳ್ಳಬೇಕೆ, ಬೇಡವೆ? ಈ ಪ್ರಶ್ನೆ ಇಂದು ನಮ್ಮ ಮುಂದಿದೆ. "ನಮ್ಮ ಕೂಲಿ ಮುರಿಯುವವರಿಗೆ ಸದಸ್ಯತ್ವ ಬೇರೆಯೋ?" ಎಂದು ಕೇಳುವವರಿದ್ದಾರೆ. ಕೇಳಲಿ, ಇದು ಹೊಟ್ಟೆಯ ಪ್ರಶ್ನೆ. ಆದರೆ ಉತ್ತರ ಹೇಳುವ ಮೊದಲು, ನಮ್ಮವರೇ ಪರಸ್ಥಳದವರಾಗಿ ಹೋಗಿ ಬದುಕಿದ ಊರೊಂದರ ಕಡೆ ಸ್ವಲ್ಪ ನೋಡೋಣ. ಆ ಊರು ಮುಂಬಯಿ.

ಮುಂಬಯಿ ಮೊದಲು ಏಳು ದ್ವೀಪಗಳಾಗಿತ್ತು. ನಡುವಣ ಸಮುದ್ರಕ್ಕೆ ಕಲ್ಲು ಮಣ್ಣು ಸುರಿದು ಅವನ್ನು ಒಂದು ಮಾಡಿದ್ದು ಕೂಲಿಗಳ ಕೈ. ಕಾಮಾಠಿಪುರವೆಂಬ ಹೆಸರೇ ನಿಜಾಮರ ಸೀಮೆಯಿಂದ ಹೋದ ಕಾಮಾಠಿ ಕೂಲಿಗಳಿಂದ ಬಂದದ್ದು. ಅಲ್ಲಿಯ ಮೂಲನಿವಾಸಿಗಳೆನ್ನಬೇಕಾದರೆ ಮೀನು ಹಿಡಿಯುವ ಕೋಳಿ ಜನರನ್ನೇ ಅನ್ನಬೇಕು. ಉಳಿದವರೆಲ್ಲ ಒಂದಲ್ಲ ಒಂದು ದಿನ ಗಂಟುಮೂಟೆ ಹೊತ್ತು ಇಳಿದವರೇ. 1854ರಲ್ಲಿ ಮೊದಲ ಹತ್ತಿ ಗಿರಣಿಗೆ ಬುನಾದಿ ಬಿದ್ದ ಮೇಲೆ ಕೊಂಕಣದಿಂದ, ಸಾತಾರೆಯಿಂದ ಜನ ಬಂದರು. ತೆಲಂಗಾಣದ ಪದ್ಮಶಾಲಿ ನೇಕಾರರು ಬಂದರು. ನಮ್ಮ ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಹುಡುಗರು ಹೋದರು. ಒಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಒಬ್ಬ ಪಾಳಿಗೆ ಎದ್ದು ಹೋದರೆ ಅವನ ಚಾಪೆಯಲ್ಲೇ ಇನ್ನೊಬ್ಬನ ನಿದ್ರೆ. ಊಟ ಖಾನಾವಳಿಯ ಹೆಂಗಸರ ಕೈಯದು.

ಅವರಿಗೆ ನೆಲೆ ಕೊಟ್ಟದ್ದು ಪಟ್ಟಣದ ದಯೆಯಲ್ಲ, ತಾವೇ ಕಟ್ಟಿಕೊಂಡ ಸಂಘಗಳು. ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ಮಂಡಳಿಯನ್ನು ಕಟ್ಟಿದರು. ಕನ್ನಡ ರಾತ್ರಿ ಶಾಲೆಗಳು ನಡೆದವು. ಹಗಲು ಲೋಟ ತೊಳೆದ ಹುಡುಗ ರಾತ್ರಿ ಹಲಗೆಯ ಮುಂದೆ ಕುಳಿತು ಮೆಟ್ರಿಕ್ ಕಟ್ಟಿದ. ಮೇಷ್ಟರಾಗಿದ್ದವನಿಗೆ ಇದಕ್ಕಿಂತ ದೊಡ್ಡ ಕಥೆ ಬೇರೆ ಬೇಕಿಲ್ಲ.

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿ, ಗುರುಗಳಿಗೊಂದು ಊಟ, ಹುಡುಗರಿಗೊಂದು ಊಟ ಎಂಬ ಪಂಕ್ತಿಭೇದವನ್ನು ಸಹಿಸದೆ ಹೊರಬಿದ್ದವರು. ಇಪ್ಪತ್ತರ ಪ್ರಾಯದಲ್ಲಿ ಕೆಲಸ ಹುಡುಕಿ ಮುಂಬಯಿಗೆ ಹೋದಾಗ ಚೌಪಾಟಿ ಕಡಲತೀರದ ಬೆಂಚೇ ಅವರ ಹಾಸಿಗೆ. ನಡುರಾತ್ರಿ ಪೊಲೀಸರು ಎಬ್ಬಿಸಿ ಓಡಿಸುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಗೋದಿ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಸಂಘ ಆ ಹುಡುಗನನ್ನು ಕರೆದುಕೊಂಡಿತು. 1967ರಲ್ಲಿ ದಕ್ಷಿಣ ಮುಂಬಯಿಯ ಮತದಾರರು ಅದೇ ಮನುಷ್ಯನಿಂದ ಕೇಂದ್ರ ಮಂತ್ರಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು. (ಫರ್ನಾಂಡಿಸರ ಕೊನೆಗಾಲದ ರಾಜಕೀಯದ ಬಗ್ಗೆ ನನಗೂ ತಕರಾರುಂಟು, ಅದು ಇನ್ನೊಂದು ದಿನದ ಮಾತು.)

ಆದರೆ ಅದೇ ಊರಿನಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿತು. ಕೆಲಸವಿಲ್ಲದ ಮರಾಠಿ ಹುಡುಗನಿಗೆ ಅದು ತೋರಿಸಿದ ವೈರಿ ಗಿರಣಿಯ ಧಣಿಯಲ್ಲ, ಲುಂಗಿ ಉಟ್ಟ ದಕ್ಷಿಣದವನು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅಂಗಡಿಕಾರ ಮಿತ್ರರು ಇದನ್ನು ಮನಸ್ಸಿನಲ್ಲಿಡಬೇಕು, ಕಲ್ಲು ಮೊದಲು ಬೀಳುವುದು ಚಿಕ್ಕ ಅಂಗಡಿಯ ಮೇಲೆಯೇ. ಅಷ್ಟಕ್ಕೇ ನಿಲ್ಲಲಿಲ್ಲ. 1970ರ ಜೂನ್‌ನಲ್ಲಿ ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿಯವರ ಕೊಲೆಯಾಯಿತು. ಅವರ ಸ್ಥಾನದ ಮರುಚುನಾವಣೆಯಲ್ಲಿ ಗೆದ್ದದ್ದು ಶಿವಸೇನೆ. ಕೊಲೆಯಾದ ದೇಸಾಯಿಯವರೂ ಮರಾಠಿಯವರೇ. ಹೊರಗಿನವನಿಗೆಂದು ಎತ್ತಿದ ಕೋಲು ಒಳಗಿನ ಕಾರ್ಮಿಕನ ಬೆನ್ನಿಗೇ ಬಿತ್ತು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯಿತೆಂದು ಯಾರೂ ಸಾರಲಿಲ್ಲ, ಸವೆದು ಹೋಯಿತು. ಗಿರಣಿಯ ಬಟ್ಟೆ ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳಲ್ಲಿ ಕಡಿಮೆ ಕೂಲಿಗೆ ತಯಾರಾಯಿತು. ಆ ಮಗ್ಗದವನು ಕೂಲಿ ಮುರಿದದ್ದು ಪರಊರಿನವನೆಂಬ ಕಾರಣಕ್ಕಲ್ಲ, ಸಂಘದ ಹೊರಗಿದ್ದ ಕಾರಣಕ್ಕೆ. ಮಗ್ಗದ ಸದ್ದಿನಲ್ಲೇ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೆಲದ ಮಾತು. ಗಿರಣಿಗಳ ಕೆಳಗೆ ಸುಮಾರು 600 ಎಕರೆ ಇತ್ತು. ಮಾರುವಾಗ ಮೂರರಲ್ಲೊಂದು ಪಾಲು ನಗರಕ್ಕೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕನಿಗೆ ಎಂದು 1991ರ ನಿಯಮ. 2001ರಲ್ಲಿ ಅದನ್ನು ತಿದ್ದಿ, ಖಾಲಿ ಬಿದ್ದ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕೆಂದರು. ಕಟ್ಟಡ ನಿಂತ ಜಾಗವೇ ಹೆಚ್ಚಾದ ಕಡೆ ಪಾಲಿಗೆ ಸಿಕ್ಕುವುದೇನು? 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಈಗ ಮಾಲು. ಹಳೆಯ ಕಾರ್ಮಿಕರಲ್ಲಿ ಕೆಲವರಿಗೆ ಲಾಟರಿ ಎತ್ತಿ ಮನೆ ಕೊಟ್ಟರು. ಅರ್ಜಿ ಹಾಕಿದ ಹೆಚ್ಚಿನವರು ಕಾಯುತ್ತಲೇ ಇದ್ದಾರೆ. ಕೋಳಿ ಜನ ಹೀಗೆ ಬಿಟ್ಟುಕೊಡಲಿಲ್ಲ. ಸಮುದ್ರದಲ್ಲಿ ಹೊಸ ಕರಾವಳಿ ರಸ್ತೆ ಎದ್ದಾಗ, ದೋಣಿ ಹೋಗಲು ಕಂಬಗಳ ನಡುವೆ ಹೆಚ್ಚು ಅಂತರ ಬೇಕೆಂದು ವರಳಿಯ ಮೀನುಗಾರರು ಹಟ ಹಿಡಿದು ಪಡೆದರು. ನಮ್ಮ ನೆರೆಯಲ್ಲೇ, ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತು, 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು.

ಕೂಲಿ ಕೇಳುವಾಗಲೇ ತಲೆಯ ಮೇಲಣ ಸೂರನ್ನೂ ಕೇಳಬೇಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಈ ಸೀಮೆಯಲ್ಲಿ ನೆಲದ ಬೆಲೆ ಏನಾಯಿತೆಂಬುದು ನಿಮಗೇ ಗೊತ್ತು. ಇಂದು ಶೀಟಿನ ಕೋಣೆಯಲ್ಲಿ ಐದಾರು ಜನ ಮಲಗುವ ಒಡಿಶಾದ ಹುಡುಗನಿಗೂ, ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿರುವ ನಮ್ಮವನಿಗೂ ನಾಳೆ ಖಾಲಿ ಮಾಡೆನ್ನುವವನು ಒಬ್ಬನೇ.

ಆದುದರಿಂದ ನನ್ನ ಸೂಚನೆ ಇಷ್ಟು. ಹೊಸಬರಿಗೆ ಇದೇ ತಿಂಗಳಿಂದ ಸದಸ್ಯತ್ವ, ಅದೇ ಚಂದಾ. ರಸೀದಿ ಹಿಂದಿಯಲ್ಲೂ ಅಚ್ಚಾಗಲಿ. ಬಾಡಿಗೆಗೆ ಚೀಟಿ ಕೊಡಿಸುವುದನ್ನು ಸಂಘದ ಬೇಡಿಕೆಪಟ್ಟಿಗೆ ಸೇರಿಸೋಣ. ವಾರಕ್ಕೆ ಮೂರು ರಾತ್ರಿ ಅವರಿಗೆ ಕನ್ನಡ ಪಾಠ ನಾನು ಹೇಳುತ್ತೇನೆ. ಒಂದು ಹಲಗೆ, ಒಂದು ದೀಪ ನಾನೇ ತರುತ್ತೇನೆ. ಕೋಣೆ ಯಾರು ಕೊಡುತ್ತೀರಿ, ಸಭೆ ಮುಗಿಯುವುದರೊಳಗೆ ಹೇಳಿಬಿಡಿ.